ಎಡ ಮುಂದಿನ ಬುಷ್

ನಮ್ಮ ಮನೆಯಿಂದ ಗುತ್ತಿಗಾರು ಪೇಟೆಗೆ ಇಳಿಯುವ ದಾರಿಯಲ್ಲಿ ಒಂದು ತಿರುವು ಉಂಟು. ಮೇಲಿನ ತೋಟದ ನೀರು ಅಲ್ಲಿ ರಸ್ತೆಗೆ ಅಡ್ಡ ಹರಿದು, ಪ್ರತಿ ಆಟಿಯಲ್ಲೂ ಡಾಂಬರಿನ ಅಂಚನ್ನು ಒಂದೊಂದು ಗೇಣು ತಿನ್ನುತ್ತದೆ. ದೀಪಾವಳಿಯ ಹೊತ್ತಿಗೆ ಯಾರೋ ನಾಲ್ಕು ಬುಟ್ಟಿ ಜಲ್ಲಿ ಸುರಿದು ಹೋಗುತ್ತಾರೆ. ಮತ್ತೆ ಮುಂದಿನ ಆಟಿಗೆ ಅದೂ ತೊಳೆದು ಹೋಗುತ್ತದೆ. ಎರಡು ವರ್ಷದ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಆ ಹೊಂಡಕ್ಕೆ ಜಿಪ್ಸಿಯ ಎಡಚಕ್ರ ಇಳಿದು ಹತ್ತುವಾಗ ಟಕ್ ಎಂದು ಸದ್ದಾಯಿತು. ಹಿಂದೆಯೇ ಇನ್ನೊಂದು ಸಲ, ಸ್ವಲ್ಪ ಮೆಲ್ಲಗೆ, ಟಕ್. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಪ್ಪ ಕಣ್ಣು ತೆರೆಯದೆಯೇ ಹೇಳಿದರು:

"ಎಡ ಮುಂದಿನ ಬುಷ್ ಹೋಯ್ತು ಮಗಾ."

"ಕಲ್ಲು ಹಾರಿ ಅಡಿಗೆ ಬಡಿದದ್ದು ಅಪ್ಪ."

"ಕಲ್ಲಿನದ್ದು ಹಾಗೆ ಕೇಳುವುದಿಲ್ಲ."

ನಾನು ವಾದಕ್ಕೆ ಹೋಗಲಿಲ್ಲ. ಹತ್ತು ಗಂಟೆಯೊಳಗೆ ಸುಳ್ಯ ತಲುಪಬೇಕಿತ್ತು. ಅಪ್ಪನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ಆಗ ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್. ಪ್ರತಿ ಸಲ ನಾಲ್ಕು ಗಂಟೆ. ಗುತ್ತಿಗಾರಿನಿಂದ ಎಲಿಮಲೆ, ದುಗ್ಗಲಡ್ಕ, ಸೋಣಂಗೇರಿ, ಪೈಚಾರು ಎಂದು ಊರುಗಳನ್ನು ದಾಟಿ ಹೋಗುವ ಆ ದಾರಿಯ ಪ್ರತಿ ತಿರುವೂ ನಮಗಿಬ್ಬರಿಗೆ ಬಾಯಿಪಾಠವಾಗಿತ್ತು. ನಾನು ಪಿ.ಯು. ಮಕ್ಕಳಿಗೆ ಕನ್ನಡ ಕಲಿಸುವವಳು. ಆ ಎರಡು ದಿನ ನನ್ನ ಮೊದಲ ಎರಡು ಪೀರಿಯಡ್‌ಗಳನ್ನು ಸಹೋದ್ಯೋಗಿಗಳು ತೆಗೆದುಕೊಂಡು ಉಪಕಾರ ಮಾಡುತ್ತಿದ್ದರು.

ನಿಜ ಹೇಳಬೇಕೆಂದರೆ ಆ ಪ್ರಯಾಣ ನನಗೆ ಇಷ್ಟವಾಗತೊಡಗಿತ್ತು. ಅಪ್ಪ ಮನೆಯಲ್ಲಿ ಮಾತಾಡುವವರಲ್ಲ. ಗಾಡಿಯಲ್ಲಿ ಕೂತರೆ ಮಾತ್ರ, ಅದೂ ಮುಖ ನೋಡಬೇಕಾಗಿಲ್ಲ ಎಂಬ ಧೈರ್ಯಕ್ಕೋ ಏನೋ, ಅವರು ಮಾತಾಡುತ್ತಿದ್ದರು. ಯಾವ ಗುಡ್ಡೆಯಲ್ಲಿ ಮೊದಲು ಏನಿತ್ತು, ಯಾರ ತೋಟಕ್ಕೆ ಹಳದಿ ರೋಗ ಯಾವ ವರ್ಷ ಬಂತು, ಅಜ್ಜ ಭತ್ತದ ಗದ್ದೆಗೆ ಅಡಿಕೆ ಹಾಕಿದಾಗ ಅಜ್ಜಿ ಎಷ್ಟು ದಿನ ಊಟ ಬಿಟ್ಟಿದ್ದಳು. ಮೂವತ್ತೆಂಟು ವರ್ಷ ಕೇಳದ ಕತೆಗಳನ್ನೆಲ್ಲ ನಾನು ಸುಳ್ಯದ ರಸ್ತೆಯಲ್ಲಿ ಕೇಳಿದೆ.

ಗಾಡಿಯ ಬಗ್ಗೆ ಹೇಳಬೇಕು. ಅದು 1997ರ ಮಾರುತಿ ಜಿಪ್ಸಿ ಕಿಂಗ್. 1298 ಸಿ.ಸಿ.ಯ ಪೆಟ್ರೋಲ್ ಎಂಜಿನ್, ಕಾರ್ಬುರೇಟರ್, ಐದು ಗೇರು, ಮೇಲೆ ಟಾರ್ಪಾಲಿನಂಥ ಹೊದಿಕೆ. ಕಿಟಕಿಗೆ ಗಾಜಿನ ಬದಲು ಜಿಪ್ ಹಾಕುವ ಪ್ಲಾಸ್ಟಿಕ್. ಎ.ಸಿ. ಎಂಬ ಪದಾರ್ಥದ ಸುಳಿವೇ ಇಲ್ಲ. ಜಿಪ್ಸಿ 1985ರಲ್ಲಿ ಬಂದದ್ದು, 2019ರಲ್ಲಿ ನಿಂತದ್ದು. ಅಷ್ಟೂ ವರ್ಷ ಅದರ ಮುಖ ಹೆಚ್ಚು ಕಡಿಮೆ ಹಾಗೆಯೇ ಇತ್ತು. ಪಟ್ಟಣದವರು ಸ್ಪೋರ್ಟ್ಸ್ ಕಾರು ಎಂದರೆ ನೆಲಕ್ಕೆ ಅಂಟಿಕೊಂಡು ಓಡುವ ಕೆಂಪು ಬಣ್ಣದ ವಸ್ತುವನ್ನು ನೆನೆಯುತ್ತಾರೆ. ಅಂಥದ್ದು ನಮ್ಮ ಅಂಗಳದಿಂದ ಹೊರಟರೆ ಮೊದಲ ಏರಿನಲ್ಲೇ ಹೊಟ್ಟೆ ಊರಿ ಕೂತೀತು. ನಮ್ಮ ದೇಶದ ರ‍್ಯಾಲಿಗಳಲ್ಲಿ ಹಲವು ವರ್ಷ ಮಣ್ಣು ಹಾರಿಸಿದ್ದು ಜಿಪ್ಸಿ. ಬೆಂಗಳೂರಿನ ಕೆ-1000 ಇರಲಿ, 1999ರಲ್ಲಿ ಶುರುವಾದ ಹಿಮಾಲಯದ ರೇಡ್ ಇರಲಿ, ಅದರ ಚಿತ್ರ ತೆಗೆದರೆ ಧೂಳಿನ ಮಧ್ಯೆ ಈ ಚೌಕ ಮುಖ ಕಾಣುತ್ತದೆ. ಹಾಗಾಗಿ ನಮ್ಮ ಕಡೆಯ ಸ್ಪೋರ್ಟ್ಸ್ ಕಾರು ಇದೇ ಎಂದು ನಾನು ಕ್ಲಾಸಿನಲ್ಲಿ ಒಮ್ಮೆ ಹೇಳಿ ಹಿಂದಿನ ಬೆಂಚಿನ ಹುಡುಗರಿಂದ ಚಪ್ಪಾಳೆ ಗಿಟ್ಟಿಸಿದ್ದೂ ಉಂಟು.

ನಮ್ಮದು ಮೊದಲು ಘಟ್ಟದ ಮೇಲಿನ ಒಂದು ಕಾಫಿ ತೋಟದ ಮನೆಯಲ್ಲಿತ್ತು. ಆ ಮನೆಯ ಹುಡುಗ ಅದನ್ನು ಸಣ್ಣಪುಟ್ಟ ರ‍್ಯಾಲಿಗಳಲ್ಲಿ ಓಡಿಸುತ್ತಿದ್ದನಂತೆ. ಒಳಗೆ ಕಬ್ಬಿಣದ ಪಂಜರ ಬೆಸೆದಿದ್ದ ಗುರುತುಗಳು ಇನ್ನೂ ಇವೆ. ಅಪ್ಪ ಅದನ್ನು ತಂದದ್ದು 2011ರಲ್ಲಿ. ಆ ವರ್ಷ ರಬ್ಬರಿಗೆ ಕಿಲೋಗೆ ಇನ್ನೂರು ರೂಪಾಯಿ ದಾಟಿತ್ತು. ಸುಳ್ಯ ಕಡೆಯವರಿಗೆ ಆ ವರ್ಷ ಮರೆಯುವುದು ಕಷ್ಟ. ಕೆಲವರು ಮನೆಗೆ ತಾರಸಿ ಹಾಕಿಸಿದರು, ಕೆಲವರು ಮಗಳ ಮದುವೆಯನ್ನು ಹಾಲ್‌ನಲ್ಲಿ ಮಾಡಿದರು, ಕೆಲವರು ಇದ್ದ ಗೇರು ಗುಡ್ಡೆಯನ್ನೂ ಕಡಿದು ರಬ್ಬರ್ ಇಟ್ಟರು. ಅಪ್ಪ ಜಿಪ್ಸಿ ತಂದರು. ಐದು ವರ್ಷದೊಳಗೆ ಬೆಲೆ ನೂರಕ್ಕಿಂತ ಕೆಳಗೆ ಬಂತು. ಆಗ ಇಟ್ಟ ಸಸಿಗಳು ಏಳು ವರ್ಷ ಕಳೆದು ಹಾಲು ಕೊಡಲು ಶುರುಮಾಡುವಾಗ ಟ್ಯಾಪಿಂಗಿನವರ ಕೂಲಿ ಹುಟ್ಟುವುದೂ ಕಷ್ಟವಾಗಿತ್ತು. ಜಿಪ್ಸಿ ಮಾತ್ರ ಉಳಿಯಿತು.

ಇನ್ನು ಬುಷ್. ಈ ವಸ್ತು ಗಾಡಿ ಇಟ್ಟುಕೊಂಡವರಿಗೂ ಬಿಲ್ಲಿನಲ್ಲಿ ಮಾತ್ರ ಪರಿಚಯ. ಜಿಪ್ಸಿಯ ನಾಲ್ಕು ಚಕ್ರಗಳ ಮೇಲೆ ನಾಲ್ಕು ಪ್ಲೇಟು ಸೆಟ್ಟುಗಳಿವೆ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಪ್ರತಿ ಪ್ಲೇಟಿನ ಒಂದು ತುದಿಯನ್ನು ಚಾಸಿಗೆ ನೇರ ಬೋಲ್ಟ್ ಹಾಕಿ ನಿಲ್ಲಿಸಿದ್ದಾರೆ. ಇನ್ನೊಂದು ತುದಿ ಶ್ಯಾಕಲ್ ಎಂಬ ಒಂದು ಜೋಡಿ ಕಬ್ಬಿಣದ ತುಂಡಿನಲ್ಲಿ ನೇತಾಡುತ್ತದೆ, ಏಕೆಂದರೆ ಭಾರ ಬಿದ್ದಾಗ ಬಿಲ್ಲು ನೆಟ್ಟಗಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಬೇಕು. ಹೀಗೆ ಒಂದು ಪ್ಲೇಟಿಗೆ ಕಬ್ಬಿಣಕ್ಕೆ ಕಬ್ಬಿಣ ತಾಗಬಹುದಾದ ಜಾಗ ಮೂರು. ನಾಲ್ಕಕ್ಕೆ ಹನ್ನೆರಡು. ಆ ಹನ್ನೆರಡು ಕಡೆಯೂ ನಡುವೆ ರಬ್ಬರ್ ಇಟ್ಟಿದ್ದಾರೆ. ಅದೇ ಬುಷ್. ತಲೆಗೂ ಕೊಡಪಾನಕ್ಕೂ ನಡುವಿನ ಸಿಂಬೆಯನ್ನು ನೆನೆದರೆ ಸಾಕು. ಸಿಂಬೆಯನ್ನು ಯಾರೂ ಹೊಗಳುವುದಿಲ್ಲ. ಅದು ಇಲ್ಲದ ದಿನ ನೆತ್ತಿ ಹೇಳುತ್ತದೆ.

ಹಳೇ ವಿಲ್ಲಿಸ್ ಜೀಪುಗಳಲ್ಲಿ ಈ ಜಾಗದಲ್ಲಿ ರಬ್ಬರ್ ಇರಲಿಲ್ಲ. ಮರೆ ಇದ್ದ ಕಬ್ಬಿಣದ ಬುಷ್, ಅದಕ್ಕೊಂದು ನಿಪ್ಪಲ್, ಅದಕ್ಕೆ ಗನ್ನಿನಲ್ಲಿ ಗ್ರೀಸ್ ಹೊಡೆಯುತ್ತಲೇ ಇರಬೇಕು. ಅಪ್ಪ ಹುಡುಗನಾಗಿದ್ದಾಗ ನಮ್ಮ ಕಡೆ ಸರ್ವಿಸ್ ಮಾಡುತ್ತಿದ್ದ ಜೀಪಿನಲ್ಲಿ ಹಿಂದೆ ನೇತಾಡಿಕೊಂಡು ಹೋದವರು. ಅದರಿಂದ ಬಂದ ಒಂದು ಕೆಟ್ಟ ಅಭ್ಯಾಸ ಅವರಲ್ಲಿ ಉಳಿದಿತ್ತು. ಮಳೆಗಾಲ ಹಿಡಿಯುವ ಮೊದಲು ಒಂದು ಡಬ್ಬದಲ್ಲಿ ಕರಿ ಆಯಿಲ್ ಹಿಡಿದುಕೊಂಡು, ಜಿಪ್ಸಿಯ ಅಡಿಗೆ ನುಗ್ಗಿ, ಪ್ಲೇಟುಗಳಿಗೂ ಬುಷ್‌ಗಳಿಗೂ ಧಾರಾಳವಾಗಿ ಬಳಿಯುತ್ತಿದ್ದರು. ತುಕ್ಕಿಗೂ ಒಳ್ಳೆಯದು, ಕೀರಲು ಸದ್ದಿಗೂ ಒಳ್ಳೆಯದು ಎಂದು ಅವರ ನಂಬಿಕೆ.

"ಅದರಿಂದಲೇ ಹೋದದ್ದು," ಎಂದರು ಮೇಸ್ತ್ರಿ.

ಮೇಸ್ತ್ರಿಯ ಶೆಡ್ಡು ಪೇಟೆಯಿಂದ ಸ್ವಲ್ಪ ಆಚೆ. ಆ ಶುಕ್ರವಾರ ಸಂಜೆ ಅವರು ಜಾಕ್ ಹಾಕಿ, ಉದ್ದದ ಕಬ್ಬಿಣದ ಹಾರೆಯೊಂದನ್ನು ಶ್ಯಾಕಲ್ ಸಂದಿಗೆ ಕೊಟ್ಟು ಮೀಟಿದರು. ಬೋಲ್ಟ್ ಒಳಗೆ ಬೆರಳು ಆಡುವಷ್ಟು ಜಾಗ ಕಂಡಿತು. "ಬುಷ್ ಪೋತುಂಡು," ಎಂದು ತುಳುವಿನಲ್ಲಿ ತೀರ್ಪು ಕೊಟ್ಟು, ಚಿಮುಟದಲ್ಲಿ ಒಂದು ಚೂರು ಕಿತ್ತು ನನ್ನ ಕೈಗಿಟ್ಟರು. ಹಳೇ ಬೆಲ್ಲದಂತೆ ಅಂಟಂಟು. ಬೆರಳಿನಲ್ಲಿ ಒತ್ತಿದರೆ ಹಾಗೇ ಹಿಚುಕಿಹೋಯಿತು. ರಬ್ಬರಿಗೆ ಎಣ್ಣೆ ಆಗುವುದಿಲ್ಲ. ಹವಾಯಿ ಚಪ್ಪಲಿಯ ಮೇಲೆ ಸೀಮೆಎಣ್ಣೆ ಚೆಲ್ಲಿ ಅದು ಊದಿಕೊಂಡದ್ದನ್ನು ನೋಡಿದವರಿಗೆ ಇದು ಗೊತ್ತು. ಎಣ್ಣೆ ಕುಡಿದ ರಬ್ಬರ್ ಊದಿ, ಮೆತ್ತಗಾಗಿ, ಶಕ್ತಿ ಕಳೆದುಕೊಳ್ಳುತ್ತದೆ. ಅಪ್ಪ ಹತ್ತು ಹನ್ನೆರಡು ವರ್ಷ ಪ್ರೀತಿಯಿಂದ ಅದನ್ನೇ ಕುಡಿಸಿದ್ದರು. ನಾನು ಇದನ್ನು ಮನೆಯಲ್ಲಿ ಹೇಳಲಿಲ್ಲ.

ಮೇಸ್ತ್ರಿಯ ಮನೆಮಾತು ತಮಿಳು. ಅವರ ಅಪ್ಪ ಅಮ್ಮ ಸಿಲೋನಿನ ತೋಟದಲ್ಲಿದ್ದವರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಒಂದು ಕಾಗದಕ್ಕೆ ಸಹಿ ಹಾಕಿದರು. ಐದು ಲಕ್ಷದ ಇಪ್ಪತ್ತೈದು ಸಾವಿರ ಜನರನ್ನು ಭಾರತ ತೆಗೆದುಕೊಳ್ಳುವುದು, ಮೂರು ಲಕ್ಷ ಜನರನ್ನು ಸಿಲೋನ್ ಇಟ್ಟುಕೊಳ್ಳುವುದು ಎಂದು. ಹಾಗೆ ಬಂದವರಲ್ಲಿ ಕೆಲವರಿಗೆ ಸರಕಾರ ಸುಳ್ಯ, ಪುತ್ತೂರಿನ ಗುಡ್ಡಗಳಲ್ಲಿ ರಬ್ಬರ್ ತೋಟ ಎಬ್ಬಿಸಿ ಕೆಲಸ ಕೊಟ್ಟಿತು. ಇವತ್ತಿಗೂ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳ ಬದಿಯಲ್ಲಿ ಸಾಲು ಮನೆಗಳ ಕಾಲೊನಿಗಳಿವೆ. ಮೇಸ್ತ್ರಿ ಹುಟ್ಟಿದ್ದು ಅಂಥ ಒಂದು ಲೈನಿನಲ್ಲಿ. ಚಿಕ್ಕವರಿದ್ದಾಗ ಬೆಳಿಗ್ಗೆ ಮೂರಕ್ಕೆ ಎದ್ದು, ತಲೆಗೆ ದೀಪ ಕಟ್ಟಿಕೊಂಡು ಹೋಗುವ ಅಮ್ಮನ ಹಿಂದೆ ಚಿರಟೆ ಒರೆಸಿಕೊಂಡು ನಡೆದವರು. ಈಗ ತುಳು, ಕನ್ನಡ, ಅರೆಭಾಷೆ, ಮಲಯಾಳ ಎಲ್ಲದರಲ್ಲೂ ಬೈಯಬಲ್ಲರು.

ನನಗೆ ಆಶ್ಚರ್ಯ ಎಂದರೆ ರಬ್ಬರ್ ಮರವೂ ಅದೇ ದಾರಿಯಲ್ಲಿ ಬಂದದ್ದು. 1876ರಲ್ಲಿ ಹೆನ್ರಿ ವಿಕಮ್ ಎಂಬ ಇಂಗ್ಲಿಷಿನವ ಬ್ರೆಜಿಲಿನ ಕಾಡಿನಿಂದ ಸುಮಾರು ಎಪ್ಪತ್ತು ಸಾವಿರ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತದ್ದು ಸ್ವಲ್ಪವೇ. ಆ ಸಸಿಗಳಲ್ಲಿ ಹೆಚ್ಚಿನವು ಹೋದದ್ದು ಸಿಲೋನಿಗೆ. ಅದೇ ಸಂತತಿ ಮುಂದೆ ಮಲಯಾಳದ ಕಡೆಗೆ ದಾಟಿತು. 1902ರಲ್ಲಿ ಪೆರಿಯಾರ್ ದಂಡೆಯ ತಟ್ಟೇಕ್ಕಾಡಿನಲ್ಲಿ ತೋಟವಾಯಿತು, ಕೊನೆಗೆ ನಮ್ಮ ಗುಡ್ಡೆಗೂ ಹತ್ತಿತು. ಇದನ್ನು ನಾನು ಮೇಸ್ತ್ರಿಗೆ ಉತ್ಸಾಹದಿಂದ ಹೇಳಿದೆ. ಅವರು ಹತ್ತೂ ಬೆರಳಿನ ಗ್ರೀಸನ್ನು ಹಳೇ ಬನಿಯನ್ನಿಗೆ ಒರೆಸಿಕೊಳ್ಳುತ್ತಾ, "ಮರಕ್ಕೆ ರೇಶನ್ ಕಾರ್ಡು ಬೇಡ ಟೀಚರ್," ಎಂದು ಇನ್ನೊಂದು ಗಾಡಿಯ ಅಡಿಗೆ ಹೋದರು.

ಕಂಪೆನಿಯ ರಬ್ಬರ್ ಬುಷ್‌ಗಳೇ ಹಾಕೋಣ, ಮಂಗಳೂರಿನಿಂದ ತರಿಸುತ್ತೇನೆ, ಎಂದು ಮೇಸ್ತ್ರಿ ಹೇಳಿದ್ದರು. ನಾನು ಒಪ್ಪಲಿಲ್ಲ. ಅಷ್ಟರಲ್ಲಿ ನಾನು ನಾಲ್ಕು ರಾತ್ರಿ ಫೋನಿನಲ್ಲಿ ಜಿಪ್ಸಿ ಹುಚ್ಚರ ವಿಡಿಯೋ ನೋಡಿ ಪಾಂಡಿತ್ಯ ಗಳಿಸಿದ್ದೆ. ಪಾಲಿಯುರೇಥೇನ್ ಎಂಬುದೊಂದುಂಟು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಎಂಬಾತ ಕಂಡುಹಿಡಿದದ್ದು. ಶೂವಿನ ಅಟ್ಟೆಯಿಂದ ಸೋಫಾದ ಸ್ಪಂಜಿನವರೆಗೆ ಎಲ್ಲದರಲ್ಲೂ ಇದೆ. ರ‍್ಯಾಲಿ ಗಾಡಿಗಳಿಗೆ ಅದರ ಬುಷ್ ಹಾಕುತ್ತಾರೆ. ಎಣ್ಣೆಗೆ ಜಗ್ಗುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ, ರಬ್ಬರಿಗಿಂತ ಗಟ್ಟಿ, ಸ್ಟೇರಿಂಗ್ ಹೇಳಿದ ಹಾಗೆ ಕೇಳುತ್ತದೆ, ಜೀವಮಾನವಿಡೀ ಬರುತ್ತದೆ. ಬಣ್ಣವೂ ಚೆಂದ, ಪಪ್ಪಾಯಿಯಂತೆ ಕೆಂಪು. ಅಪ್ಪನನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಹೆಚ್ಚು ಬಾಳುವಂಥದ್ದು ಹಾಕಿದರೆ ತಪ್ಪೇನು? ಜೀವಮಾನ ಎಂಬ ಪದ ಆ ದಿನಗಳಲ್ಲಿ ನನ್ನನ್ನು ಬೇಗ ಹಿಡಿಯುತ್ತಿತ್ತು.

ಮೇಸ್ತ್ರಿ ಕೆಂಪು ಬುಷ್ ಒಂದನ್ನು ಕೈಯಲ್ಲಿ ತಿರುಗಿಸಿ, ಉಗುರಿನಿಂದ ಒತ್ತಿ, ಮೂಸಿ ನೋಡಿದರು. "ಆಪುಜಿ" ಎನ್ನಲಿಲ್ಲ. "ನಿಮ್ಮ ಗಾಡಿ, ನಿಮ್ಮ ಇಷ್ಟ" ಎಂದಷ್ಟೇ ಹೇಳಿದರು. ಅದು ಇನ್ನೂ ಕೆಟ್ಟ ಮಾತು ಎಂದು ನನಗೆ ಆಗ ಹೊಳೆಯಲಿಲ್ಲ.

ಹಳೆಯದನ್ನು ತೆಗೆಯಲು ಒಂದೂವರೆ ದಿನ ಹಿಡಿಯಿತು. ಬೋಲ್ಟುಗಳು ಒಳಗಿನ ಕೊಳವೆಗೆ ತುಕ್ಕಿನಿಂದ ಬೆಸೆದುಹೋಗಿದ್ದವು. ಎರಡನ್ನು ಕಟ್ ಮಾಡಲೇ ಬೇಕಾಯಿತು. ಉಳಿದ ರಬ್ಬರನ್ನು ಗ್ಯಾಸ್ ಬೆಂಕಿಗೆ ಹಿಡಿದು ಸುಟ್ಟು ಹೊರಗೆ ಬಡಿದರು. ಸುಟ್ಟ ರಬ್ಬರಿನ ಆ ಕರಿ ಹೊಗೆಗೂ, ನಮ್ಮ ಮನೆಯ ಹಿಂದಿನ ಹೊಗೆಗೂಡಿನಲ್ಲಿ ಶೀಟು ಒಣಗುವಾಗ ಬರುವ, ಸ್ವಲ್ಪ ಹುಳಿಯಾದ, ನನಗೆ ಬಾಲ್ಯದಿಂದ ಹಸಿವು ಹುಟ್ಟಿಸುವ ವಾಸನೆಗೂ ಯಾವ ಸಂಬಂಧವೂ ಇಲ್ಲ ಎಂಬುದು ವಿಚಿತ್ರ. ಎರಡೂ ಒಂದೇ ಹಾಲು. ಚಿರಟೆಗೆ ಇಳಿಯುವ ಹಾಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಮಾತ್ರ ರಬ್ಬರ್, ಉಳಿದದ್ದು ಹೆಚ್ಚಿನಂಶ ನೀರು. ಆ್ಯಸಿಡ್ ಹಾಕಿದರೆ ಹೆಪ್ಪುಗಟ್ಟುತ್ತದೆ, ರೋಲರಿನಲ್ಲಿ ಒತ್ತಿದರೆ ಶೀಟಾಗುತ್ತದೆ. ಆದರೆ ಹಾಗೆಯೇ ಬಿಟ್ಟರೆ ಅದು ಬಿಸಿಲಿಗೆ ಅಂಟು, ಚಳಿಗೆ ಕಲ್ಲು. ಗಂಧಕ ಸೇರಿಸಿ ಬೇಯಿಸಿದರೆ ಮಾತ್ರ ಎಳೆದಷ್ಟು ಎಳೆದು ಮತ್ತೆ ಹಿಂದಕ್ಕೆ ಬರುವ ಗುಣ ನಿಲ್ಲುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್‌ಗೆ ಇದು ಸಿಕ್ಕಿತು. ಸಾಯುವಾಗ ಅವನ ಮೇಲೆ ಎರಡು ಲಕ್ಷ ಡಾಲರ್ ಸಾಲ ಇತ್ತು. ರಬ್ಬರ್ ನಂಬಿದವರ ಕತೆ ಎಲ್ಲ ಕಡೆಯೂ ಹೀಗೆಯೇ ಇರಬೇಕು.

ಹೊಸ ಬುಷ್ ಹಾಕಿದ ಮೇಲೆ ಮೊದಲ ಸಲ ಪೇಟೆಯಿಂದ ಮನೆಗೆ ನಾನೊಬ್ಬಳೇ ಬಂದೆ. ಆ ಸಂಜೆಯ ಸಂತೋಷವನ್ನು ಈಗಲೂ ಸುಳ್ಳೆನ್ನಲಾರೆ. ಗಾಡಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು. ತಿರುವಿನಲ್ಲಿ ಮೊದಲಿನ ಓಲಾಟ ಇಲ್ಲ. ಸ್ಟೇರಿಂಗ್ ತಿರುಗಿಸಿದ ಕ್ಷಣಕ್ಕೆ ಮೂತಿ ತಿರುಗುತ್ತದೆ. ಆ ಹೊಂಡದಲ್ಲಿ ಟಕ್ ಇಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸಿ, "ಸದ್ದು ಹೋಯ್ತು ನೋಡಿ" ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಜಗಲಿಯಿಂದಲೇ ತಲೆ ಆಡಿಸಿದರು.

ಮಂಗಳವಾರ ಹೋಗಿ ಬಂದೆವು. ಶುಕ್ರವಾರ ಹೋಗಿ ಬಂದೆವು. ಮುಂದಿನ ಮಂಗಳವಾರ ನಾನು ಹೊರಡುವಾಗ ಅಪ್ಪ, "ಮೇಲಿನ ಮನೆಯವರ ಓಮ್ನಿ ಹೇಗೂ ಸುಳ್ಯಕ್ಕೆ ಹೋಗ್ತದೆ. ನಿನಗೆ ಸುಮ್ಮನೆ ಕಾಲೇಜು ತಪ್ಪುವುದು ಯಾಕೆ?" ಎಂದರು. ಮಕ್ಕಳಿಗೆ ಪರೀಕ್ಷೆ ಹತ್ತಿರವಿತ್ತು. ಅಪ್ಪ ನನ್ನ ಕಷ್ಟ ನೋಡಿ ಹೇಳುತ್ತಿದ್ದಾರೆ ಎಂದುಕೊಂಡು, ಸ್ವಲ್ಪ ಹೆಮ್ಮೆಪಟ್ಟುಕೊಂಡು, ಒಪ್ಪಿದೆ. ಶುಕ್ರವಾರವೂ ಓಮ್ನಿ. ಹೀಗೆ ಮೂರು ವಾರ. ಮನೆಯಲ್ಲಿ ಮತ್ತೆ ಮೊದಲಿನ ಮೌನ ಬಂತು. ಅಜ್ಜನ ಅಣ್ಣ ಊರು ಬಿಟ್ಟು ಹೋದ ಕತೆಯನ್ನು ಅಪ್ಪ ಅರ್ಧಕ್ಕೆ ನಿಲ್ಲಿಸಿದ್ದರು. ಊಟಕ್ಕೆ ಕೂತಾಗ ಕೇಳಿದರೆ, "ಅದೆಲ್ಲ ಎಂತ ಈಗ" ಎಂದು ಮಜ್ಜಿಗೆಯ ಲೋಟವನ್ನು ಬೆಳಕಿಗೆ ಹಿಡಿದು ಅಳತೆ ನೋಡಿದರು. ದಿನಕ್ಕೆ ಇಷ್ಟೇ ದ್ರವ ಎಂದು ಅವರಿಗೆ ಲೆಕ್ಕವಿತ್ತು.

ಹೇಳಿದ್ದು ಅಮ್ಮ. ಬಟ್ಟೆ ಒಣಗಿಸುತ್ತಾ, ನನ್ನ ಕಡೆ ನೋಡದೆ, "ಅಪ್ಪನಿಗೆ ನಿನ್ನ ಗಾಡಿಯಲ್ಲಿ ಆಗುದಿಲ್ಲ ಮಗಾ. ಕೈ ಜುಮು ಜುಮು ಹೇಳ್ತದಂತೆ. ನಿನಗೆ ಹೇಳ್ಬೇಡ ಹೇಳಿದ್ದಾರೆ," ಎಂದಳು.

ಅಪ್ಪನ ಎಡ ಮುಂಗೈಯಲ್ಲಿ ಡಯಾಲಿಸಿಸ್‌ಗಾಗಿ ಆಪರೇಶನ್ ಮಾಡಿ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಜೋಡಿಸಿದ್ದಾರೆ. ಫಿಸ್ಟುಲಾ ಎನ್ನುತ್ತಾರೆ. ಅಲ್ಲಿ ಕೈಯಿಟ್ಟರೆ ಒಳಗೆ ತೊರೆ ಹರಿದಂತೆ ಝುಂ ಎನ್ನುತ್ತದೆ. ಅದೇ ಅವರ ಜೀವದ ಬಾಗಿಲು. ಆ ಕೈಯಲ್ಲಿ ಭಾರ ಎತ್ತಬಾರದು, ಬಿ.ಪಿ. ನೋಡಬಾರದು, ಅದರ ಮೇಲೆ ತಲೆಯಿಟ್ಟು ಮಲಗಬಾರದು. ಎರಡು ದಪ್ಪ ಸೂಜಿಗಳನ್ನು ತೆಗೆದು ಪಟ್ಟಿ ಹಾಕಿ ಕಳಿಸಿದ ಮೇಲೆ, ಬರುವಾಗ ಅವರು ಅದನ್ನು ಬಾಗಿಲ ಬದಿಗೆ ಒರಗಿಸಿ ಕೂರುತ್ತಿದ್ದರು. ಬಲಗೈಯಲ್ಲಿ ಮುಂದಿನ ಹಿಡಿ. ಎಡಗೈ ಇಡಲು ಬೇರೆ ಜಾಗವೇ ಇಲ್ಲ.

ಮರುದಿನ ನಾನು ಒಂದು ಕೆಲಸ ಮಾಡಿದೆ. ಪಕ್ಕದ ಮನೆಯ ಹುಡುಗನಿಗೆ ಗಾಡಿ ಓಡಿಸಲು ಕೊಟ್ಟು, ಅಪ್ಪನ ಸೀಟಿನಲ್ಲಿ, ಅಪ್ಪನ ಹಾಗೆ, ಎಡ ಮೊಣಕೈಯನ್ನು ಬಾಗಿಲ ಮೇಲಿಟ್ಟು ಕೂತೆ. ದೊಡ್ಡ ಹೊಂಡಗಳಲ್ಲಿ ಏನೂ ವ್ಯತ್ಯಾಸವಿಲ್ಲ. ಅದು ಪ್ಲೇಟಿನ ಕೆಲಸ. ಆದರೆ ಸಣ್ಣ ಜಲ್ಲಿ, ಡಾಂಬರು ಕಿತ್ತ ತರಿ ತರಿ, ಸಿಮೆಂಟ್ ರಸ್ತೆಗೆ ಹಾಕಿದ ಗೀರು, ಇದೆಲ್ಲ ಚಾಸಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮೊಣಕೈಗೆ, ಅಲ್ಲಿಂದ ಹಲ್ಲಿಗೆ ಬರುತ್ತಿತ್ತು. ಎಲಿಮಲೆಗೆ ಮುಟ್ಟುವಾಗ ನನ್ನ ಬೆರಳುಗಳು ಮರಗಟ್ಟಿದ್ದವು. ಸ್ಟೇರಿಂಗ್ ಹಿಡಿದವಳಿಗೆ ಇದು ಗಾಡಿ ಮಾತಾಡಿದಂತೆ ಅನಿಸಿತ್ತು. ಪಕ್ಕದಲ್ಲಿ ಕೂತವರಿಗೆ ಹಿಡಿಯಲು ಸ್ಟೇರಿಂಗ್ ಇಲ್ಲ. ಸಾಲದ್ದಕ್ಕೆ ಹಿಂದಿನಿಂದ ಕೀರ್ ಎಂಬ ಸದ್ದು ಬೇರೆ ಶುರುವಾಗಿತ್ತು. ಪಾಲಿಯುರೇಥೇನ್ ಬುಷ್ ಕೊಳವೆಯ ಸುತ್ತ ಜಾರಿ ತಿರುಗುವಂಥದ್ದು. ಅದಕ್ಕೆ ಗ್ರೀಸ್ ಬೇಕು, ಆ ಗ್ರೀಸಿಗೆ ನಮ್ಮ ರಸ್ತೆಯ ಧೂಳು ಬೇಕಾದಷ್ಟು ಸಿಕ್ಕಿತ್ತು.

ಮೇಸ್ತ್ರಿಯ ಶೆಡ್ಡಿಗೆ ಹೋಗಿ ನಿಂತೆ. ಅವರು ನನ್ನ ಮುಖ ನೋಡಿ ಚಾ ತರಿಸಿದರು. "ನೀವು ಆಗಲೇ ಹೇಳಬಹುದಿತ್ತಲ್ಲ ಮೇಸ್ತ್ರಿ?"

"ಹೇಳಿದ್ರೆ ಕೇಳ್ತಿದ್ರಾ?"

ಇಲ್ಲ. ಕೇಳುತ್ತಿರಲಿಲ್ಲ.

ಚಾ ಮುಗಿಯುವುದರೊಳಗೆ ಅವರು ನನಗೆ ರಬ್ಬರ್ ಬುಷ್ ಏನು ಮಾಡುತ್ತದೆ ಎಂದು ತೋರಿಸಿದರು. ಹೊಸದೊಂದನ್ನು ವೈಸಿಗೆ ಕಚ್ಚಿಸಿ, ನಡುವಿನ ತೂತಿಗೆ ಬೋಲ್ಟ್ ಬಿಗಿದು, ಪಾನದಲ್ಲಿ ಸ್ವಲ್ಪ ತಿರುಗಿಸಿದರು. ರಬ್ಬರ್ ಜಾರಲಿಲ್ಲ, ತಿರುಚಿಕೊಂಡಿತು. ಬಿಟ್ಟರೆ ಮೊದಲಿನ ಜಾಗಕ್ಕೆ ಬಂತು. "ಇದು ತಿರುಗುದಲ್ಲ ಟೀಚರ್. ಎರಡು ಕಡೆಯೂ ಕಚ್ಚಿ ಹಿಡ್ಕೊಂಡು, ನಡುವೆ ತಾನು ತಿರುಚುದು." ಹಾಗಾದ್ದರಿಂದ ಒಂದು ನಿಯಮ ಉಂಟು, ಎಷ್ಟೋ ಗ್ಯಾರೇಜುಗಳಲ್ಲಿ ಅವಸರಕ್ಕೆ ಅದನ್ನು ಬಿಡುತ್ತಾರೆ ಎಂದರು. ಗಾಡಿಯನ್ನು ಜಾಕ್ ಮೇಲೆ ಎತ್ತಿ ಚಕ್ರ ನೇತಾಡುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ರಬ್ಬರ್ ಆ ನೇತಾಡುವ ಸ್ಥಿತಿಯನ್ನೇ ತನ್ನ ಜಾಗ ಎಂದು ಹಿಡಿದುಕೊಳ್ಳುತ್ತದೆ. ಆಮೇಲೆ ನೆಲಕ್ಕಿಳಿಸಿದರೆ ನಿಂತಲ್ಲೇ ತಿರುಚಿಕೊಂಡಿರುತ್ತದೆ. ಹೊಂಡ ಬಂದಾಗ ಇನ್ನೂ ತಿರುಚಿ ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲ ಬಿಟ್ಟು, ಗಾಡಿ ನೆಲಕ್ಕಿಳಿಸಿ, ಅದರ ಭಾರ ಅದರ ಕಾಲ ಮೇಲೆಯೇ ಬಿದ್ದ ನಂತರ ಬಿಗಿಯಬೇಕು.

ಆ ಶನಿವಾರ ಅಪ್ಪ ತಾವಾಗಿಯೇ ಶೆಡ್ಡಿಗೆ ಬರುತ್ತೇನೆ ಎಂದರು. ಹಿಂದಿನ ದಿನ ಡಯಾಲಿಸಿಸ್ ಆಗಿದ್ದರಿಂದ ಮುಖ ಸ್ವಲ್ಪ ಹಗುರವಾಗಿತ್ತು. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಮುಂಡಿನ ಅಂಚು ಎಣ್ಣೆಗೆ ತಾಗದಂತೆ ಎತ್ತಿ ಕಟ್ಟಿ, ಒಂದೊಂದು ಬುಷ್ ಹೋಗುವುದನ್ನೂ ನೋಡಿದರು. ನಡುವೆ ಒಮ್ಮೆ ನಾನು ಎದೆ ಗಟ್ಟಿ ಮಾಡಿಕೊಂಡು ಕರಿ ಆಯಿಲ್ ವಿಷಯ ಎತ್ತಿದೆ.

"ಗೊತ್ತುಂಟು," ಎಂದರು ಅಪ್ಪ. "ಹೋದ ಬೇಸಿಗೆಯಲ್ಲೇ ಇವ ಹೇಳಿದ್ದ. ಅಭ್ಯಾಸ ಬಿಡ್ಲಿಕ್ಕೆ ಆಗಲಿಲ್ಲ."

ಮೇಸ್ತ್ರಿ ಗಾಡಿಯ ಅಡಿಯಿಂದ ಏನೂ ಕೇಳದವರಂತೆ ಹದಿನೇಳರ ಪಾನ ಕೇಳಿದರು.

ಹನ್ನೆರಡೂ ಕಡೆ ಬುಷ್ ಕೂತು, ಬೋಲ್ಟುಗಳು ಕೈಯಲ್ಲಿ ತಿರುಗಿಸಿದಷ್ಟೇ ಸಡಿಲವಾಗಿರುವಾಗ, ಜಾಕ್ ಇಳಿಸಿದರು. ಜಿಪ್ಸಿ ಒಂದು ನಿಟ್ಟುಸಿರು ಬಿಟ್ಟಂತೆ ಕೆಳಗೆ ಕೂತಿತು. ಬಾನೆಟ್ ಮೇಲೆ ಎರಡೂ ಕೈಯೂರಿ ನಾಲ್ಕು ಸಲ ಒತ್ತಿ ಬಿಟ್ಟರು, ಪ್ಲೇಟುಗಳು ತಮ್ಮ ಜಾಗ ಹುಡುಕಿಕೊಳ್ಳಲಿ ಎಂದು. ಆಮೇಲೆ ಹತ್ತೊಂಬತ್ತರ ಪಾನ ಹಿಡಿದುಕೊಂಡು ಅಪ್ಪನ ಕಡೆ ತಿರುಗಿ, "ಧಣಿ, ನೀವು ಒಮ್ಮೆ ನಿಮ್ಮ ಸೀಟಿನಲ್ಲಿ ಕೂತ್ಕೊಳ್ಳಿ. ದಿನಾ ಕೂರುವವರು ಕೂತ್ರೆ ಒಳ್ಳೆದು," ಎಂದರು.

ಒಂದು ಆಳಿನ ಭಾರದಿಂದ ಅಂಥ ವ್ಯತ್ಯಾಸವೇನೂ ಆಗಲಿಕ್ಕಿಲ್ಲ. ಮೇಸ್ತ್ರಿಗೂ ಅದು ಗೊತ್ತಿತ್ತು ಎಂದು ನನ್ನ ಗುಮಾನಿ. ಅಪ್ಪ ಮಾತ್ರ ಗಂಭೀರವಾಗಿ ಎದ್ದು, ಬಲಗೈಯಲ್ಲಿ ಹಿಡಿ ಹಿಡಿದು ಹತ್ತಿ, ಎಡಗೈಯನ್ನು ಬಾಗಿಲಿಗೆ ಒರಗಿಸಿ, ಸುಳ್ಯಕ್ಕೆ ಹೊರಟವರಂತೆ ನೆಟ್ಟಗೆ ಕೂತರು. ಕೂತವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು:

"ಯಾವ ತೂಕಕ್ಕೆ ಟೈಟ್ ಮಾಡ್ತೀ? ಹೋಗುವಾಗಿಂದಕ್ಕಾ, ಬರುವಾಗಿಂದಕ್ಕಾ?"

ಡಯಾಲಿಸಿಸ್‌ಗೆ ಹೋಗುವವರನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗುತ್ತಾರೆ. ಅಪ್ಪ ಹೋಗುವಾಗ ಐವತ್ತಾರು ಇದ್ದರೆ ಬರುವಾಗ ಐವತ್ತನಾಲ್ಕು. ನಡುವಿನ ಎರಡು ಕಿಲೋ ನೀರನ್ನು ಯಂತ್ರ ತೆಗೆದಿರುತ್ತದೆ. ಮೇಸ್ತ್ರಿಗೆ ಇದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಅವರು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದಲ್ಲೇ ನಗತೊಡಗಿದರು. ಪಾನ ಕೈತಪ್ಪಿ ಸಿಮೆಂಟಿಗೆ ಬಿದ್ದ ಸದ್ದು ಕೇಳಿಸಿತು. ಅಪ್ಪ ನಗಲಿಲ್ಲ. ಅವರಿಗೆ ಉತ್ತರ ಬೇಕಿತ್ತು.

"ಬರುವಾಗಿಂದಕ್ಕೆ ಮಾಡು," ಎಂದು ಕೊನೆಗೆ ತಾವೇ ಹೇಳಿದರು. "ಹೋಗುವಾಗ ಹೇಗಾದ್ರೂ ತಡ್ಕೊಳ್ಳಬಹುದು."

ಮಂಗಳವಾರ ನಾವು ಜಿಪ್ಸಿಯಲ್ಲಿ ಹೋದೆವು. ತಿರುವಿನಲ್ಲಿ ಗಾಡಿ ಮತ್ತೆ ಸ್ವಲ್ಪ ಓಲಾಡಿತು. ಸ್ಟೇರಿಂಗ್ ಹೇಳಿದ 'ಹಾಂ' ಎಂದು ಯೋಚಿಸಿ ತಿರುಗುವ ಹಳೇ ಚಾಳಿ ಬಂದಿತ್ತು. ದುಗ್ಗಲಡ್ಕ ದಾಟುವಾಗ ಅಪ್ಪ, ಕೇಳದೆಯೇ, ಅಜ್ಜನ ಅಣ್ಣನ ಕತೆಯನ್ನು ನಿಲ್ಲಿಸಿದ್ದಲ್ಲಿಂದ ಎತ್ತಿದರು. ಅವನು ಊರು ಬಿಟ್ಟದ್ದು ಸಾಲಕ್ಕಲ್ಲವಂತೆ. ಆ ಕತೆ ಇಲ್ಲಿಗೆ ಬೇಡ.

ಕೆಂಪು ಬುಷ್‌ಗಳನ್ನು ಅಮ್ಮ ಎಸೆಯಲು ಬಿಡಲಿಲ್ಲ. ನಾಲ್ಕನ್ನು ವಾಷಿಂಗ್ ಮೆಷಿನ್ನಿನ ಕಾಲಡಿ ಇಟ್ಟಿದ್ದಾಳೆ. ಮೊದಲು ಬಟ್ಟೆ ಹಿಂಡುವಾಗ ಅದು ಬಚ್ಚಲಿನಿಂದ ಹಿತ್ತಲಿಗೆ ನಡೆದು ಹೋಗುತ್ತಿತ್ತು, ಈಗ ನಿಂತಲ್ಲೇ ನಿಲ್ಲುತ್ತದೆ. ಎರಡು ಹಟ್ಟಿಯ ಗೇಟಿಗೆ ಹೋಗಿವೆ. ಉಳಿದವು ಹೊಗೆಗೂಡಿನ ಅಟ್ಟದಲ್ಲಿ, ಅಪ್ಪನ ಹಳೇ ಟ್ಯಾಪಿಂಗ್ ಕತ್ತಿಯ ಪಕ್ಕ, ಡಬ್ಬದಲ್ಲಿವೆ. ಹೋದ ವಾರ ಆ ಹೊಂಡ ದಾಟುವಾಗ ಅಪ್ಪ ಕಣ್ಣು ಮುಚ್ಚಿಕೊಂಡೇ, "ಬಲ ಹಿಂದೆ ಎಂತದೋ ಉಂಟು, ಬುಷ್ ಅಲ್ಲ, ಶಾಕ್ ಆಗಿರಬೇಕು" ಎಂದರು. ಈ ಶನಿವಾರ ಮೇಸ್ತ್ರಿ ಹತ್ತಿರ ತೋರಿಸಬೇಕು.